ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಯಾವಾಗ ಮಲಗಬೇಕು, ಯಾವಾಗ ಎಚ್ಚರಿರಬೇಕು: ಸೆಟ್ಟಿಂಗ್ ಹೊಂದಿಸುವ ಕ್ರಮ

ಹುಬ್ಬಳ್ಳಿಯ ಫೋಟೋ ಸ್ಟುಡಿಯೋ ಇರಲಿ, ಗದಗಿನ ಮುದ್ರಣಾಲಯ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿ ಇರಲಿ, ಕಂಪ್ಯೂಟರ್ ಪಕ್ಕದಲ್ಲಿ ಒಂದೆರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದೇ ಇರುತ್ತವೆ. ರಿಪೇರಿ ಅಂಗಡಿಗೆ ಬರುವ ದೂರುಗಳೂ ಬಹುತೇಕ ಮೂರೇ: "ಫೋಲ್ಡರ್ ತೆರೆದ್ರ ಹತ್ತು ಸೆಕೆಂಡ್ ಹ್ಯಾಂಗ್ ಆಗ್ತದ್ರಿ", "ಕೆಲಸದ ನಡುವ ಡ್ರೈವ್ ಮಾಯ ಆಗ್ತದ್ರಿ", "ರಾತ್ರಿಯೆಲ್ಲಾ ತಿರಗೇ ತಿರಗ್ತದ, ನಿಲ್ಲೂದ ಇಲ್ಲ". ಮೊದಲನೆಯದೂ ಮೂರನೆಯದೂ ನಿದ್ದೆಯ ಸೆಟ್ಟಿಂಗ್‌ಗೆ ಸೇರಿದ್ದು. ಎರಡನೆಯದು ಹೆಚ್ಚಿನ ಸಲ ಕರೆಂಟಿಗೆ, ಕೇಬಲ್‌ಗೆ ಸೇರಿದ್ದು. ಮೂರಕ್ಕೂ ಒಂದೇ ಔಷಧ ಹಾಕಲು ಹೋದರೆ ತೊಂದರೆ ಹಾಗೇ ಉಳಿಯುತ್ತದೆ. ಹಾಗಾಗಿ ಮೊದಲು ನಿಮ್ಮ ಡಿಸ್ಕ್‌ನ ದೂರು ಯಾವುದು ಎಂದು ಖಚಿತ ಮಾಡಿಕೊಳ್ಳಿ.

ಇಲ್ಲಿ ಹೇಳುವುದೆಲ್ಲ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಬಗ್ಗೆ. ಚಿಪ್‌ಗಳಲ್ಲೇ ಡೇಟಾ ಉಳಿಸುವ ಎಸ್‌ಎಸ್‌ಡಿಯಲ್ಲಿ ಮೋಟಾರೂ ಇಲ್ಲ, ಹೆಡ್ಡೂ ಇಲ್ಲ. ಹಾಗಾಗಿ ಸವೆತದ ಲೆಕ್ಕ ಅದಕ್ಕೆ ಬೇಕಿಲ್ಲ.

ಡಿಸ್ಕ್ ಮಲಗಿದಾಗ ಒಳಗೆ ಆಗುವುದೇನು

ನಿದ್ದೆಯಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಓದುವ-ಬರೆಯುವ ಹೆಡ್ ತಟ್ಟೆಯ ಮೇಲಿಂದ ಸರಿದು ಪಕ್ಕದ ಇಳಿಜಾರಿನ ಮೇಲೆ ಕೂರುತ್ತದೆ. ಇದಕ್ಕೆ ಹೆಡ್ ಪಾರ್ಕ್ ಎನ್ನುತ್ತಾರೆ. ತಟ್ಟೆ ಆಗಲೂ ತಿರುಗುತ್ತಲೇ ಇರುತ್ತದೆ. ಎರಡನೇ ಹಂತದಲ್ಲಿ ಮೋಟಾರೇ ನಿಲ್ಲುತ್ತದೆ. ಅದು ಸ್ಪಿನ್ ಡೌನ್. ಮತ್ತೆ ಫೈಲ್ ಕೇಳಿದಾಗ ಮೋಟಾರ್ ಶೂನ್ಯದಿಂದ ಪೂರ್ಣ ವೇಗಕ್ಕೆ ಏರಬೇಕು. ಚಿಕ್ಕ 2.5 ಇಂಚಿನ ಡಿಸ್ಕ್‌ನಲ್ಲಿ ಈ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಚಿಕ್ಕ ಡಿಸ್ಕ್ ಏಳಲು ಮೂರರಿಂದ ಐದು ಸೆಕೆಂಡ್ ಬೇಕು. ಅಡಾಪ್ಟರ್ ಇರುವ 3.5 ಇಂಚಿನ ದೊಡ್ಡ ಡಿಸ್ಕ್‌ಗೆ ಹತ್ತು ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿಯಬಹುದು. ಹೇರು ತುಂಬಿದ ಚಕ್ಕಡಿಯನ್ನು ನಿಂತಲ್ಲಿಂದ ಎಳೆಯುವಾಗಲೇ ಎತ್ತಿಗೆ ಹೆಚ್ಚು ಬಲ ಬೇಕಲ್ಲ, ಇಲ್ಲಿಯೂ ಹಾಗೆಯೇ: ತಿರುಗುತ್ತಿರಲು ಬೇಕಾದ ಕರೆಂಟ್ ಸ್ವಲ್ಪ, ಏಳುವ ಆ ಕೆಲವು ಸೆಕೆಂಡುಗಳಲ್ಲಿ ಬೇಕಾದದ್ದು ಅದರ ಹಲವು ಪಟ್ಟು.

ಆದ್ದರಿಂದ ನಿದ್ದೆಯಿಂದಲೇ ಡಿಸ್ಕ್ ಕೆಡುವುದಿಲ್ಲ, ಎಚ್ಚರವಿದ್ದ ಮಾತ್ರಕ್ಕೂ ಕೆಡುವುದಿಲ್ಲ. ಮತ್ತೆ ಮತ್ತೆ ಮಲಗಿ ಏಳುವುದು ಅದನ್ನು ಸವೆಸುತ್ತದೆ. ತಯಾರಕರು ಇದಕ್ಕೆ ಮಿತಿಯನ್ನೂ ಕೊಟ್ಟಿರುತ್ತಾರೆ. 3.5 ಇಂಚಿನ ಹಲವು ಡಿಸ್ಕ್‌ಗಳಿಗೆ ಹೆಡ್ ಪಾರ್ಕ್ 3,00,000 ಸಲ, 2.5 ಇಂಚಿನವಕ್ಕೆ 6,00,000 ಸಲ. ಮೋಟಾರ್ ನಿಂತು ಏಳುವುದಕ್ಕೆ ಹಲವು ಮಾದರಿಗಳಲ್ಲಿ 50,000 ಸಲ. ಸಂಖ್ಯೆ ದೊಡ್ಡದಾಗಿ ಕಂಡರೂ ತಪ್ಪು ಸೆಟ್ಟಿಂಗ್ ಇದ್ದರೆ ಬೇಗ ಮುಗಿಯುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಹಳೆಯ ಗ್ರೀನ್ ಸಾಲಿನ ಡಿಸ್ಕ್‌ಗಳು 8 ಸೆಕೆಂಡ್ ಕೆಲಸವಿಲ್ಲದಿದ್ದರೆ ಹೆಡ್ ಪಾರ್ಕ್ ಮಾಡುತ್ತಿದ್ದವು. ಅಂಥ ಡಿಸ್ಕ್ ಅನ್ನು ಯಾವುದೋ ಸಾಫ್ಟ್‌ವೇರ್ ಪ್ರತಿ 30 ಸೆಕೆಂಡಿಗೊಮ್ಮೆ ಮುಟ್ಟಿದರೆ ಗಂಟೆಗೆ 120 ಸಲ, ಹತ್ತು ತಾಸಿನ ಅಂಗಡಿ ದಿನಕ್ಕೆ 1,200 ಸಲ ಪಾರ್ಕ್ ಆಗುತ್ತದೆ. 250 ದಿನಕ್ಕೆ ಮೂರು ಲಕ್ಷ ಮುಗಿಯಿತು.

ಇನ್ನು ಕರೆಂಟ್ ಬಿಲ್ ಉಳಿಯುತ್ತದೆಯೇ? ದೊಡ್ಡ ಡಿಸ್ಕ್ ಸುಮ್ಮನೆ ತಿರುಗಲು ಸುಮಾರು 4 ವ್ಯಾಟ್ ಎಂದು ಹಿಡಿದರೆ, ತಿಂಗಳಿಡೀ ನಿಲ್ಲಿಸದೆ ಓಡಿಸಿದರೂ ಮೂರು ಯೂನಿಟ್‌ನ ಒಳಗೆ. ಚಿಕ್ಕ ಡಿಸ್ಕ್‌ಗೆ ಅದರ ಕಾಲುಭಾಗ. ಹಣ ಉಳಿಸಲೆಂದು ಐದು ನಿಮಿಷದ ನಿದ್ದೆ ಇಡುವುದರಲ್ಲಿ ಅರ್ಥವಿಲ್ಲ. ನಿದ್ದೆಯ ನಿಜವಾದ ಉಪಯೋಗ ನಮ್ಮ ಕಡೆ ಬೇಸಿಗೆಯಲ್ಲಿ ಕಾಣುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಸೂಚಿಸುವ ಕೋಣೆಯ ಉಷ್ಣತೆ 5ರಿಂದ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್-ಮೇನಲ್ಲಿ ಹುಬ್ಬಳ್ಳಿ, ಗದಗದ ಹಗಲು 35 ದಾಟುವುದು ಹೊಸದಲ್ಲ. ತಗಡಿನ ಮಾಡಿನ ಕೋಣೆಯಾದರೆ ಕೇಳುವುದೇ ಬೇಡ. ಕೆಲಸವಿಲ್ಲದ ಡಿಸ್ಕ್ ಆಗ ನಿಂತಿದ್ದರೆ ಒಳ್ಳೆಯದು.

ಮಲಗಿಸುತ್ತಿರುವವರು ಯಾರು?

ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಂಡೋಸ್‌ನಲ್ಲಿ "ನೆವರ್" ಎಂದು ಇಟ್ಟರೂ ಡಿಸ್ಕ್ ಮಲಗುತ್ತದೆ, ಅಥವಾ ಹತ್ತು ನಿಮಿಷ ಎಂದು ಇಟ್ಟರೂ ಮಲಗುವುದಿಲ್ಲ. ಕಾರಣ, ಅಪ್ಪಣೆ ಕೊಡುವವರು ಒಬ್ಬರಲ್ಲ. ಡಿಸ್ಕ್‌ನ ಸ್ವಂತ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ನಿಯಂತ್ರಣ ಪ್ರೋಗ್ರಾಂ, ಒಂದು. ಡಿಸ್ಕ್‌ನ ಸಾಟಾ ಸಂಪರ್ಕವನ್ನು ಯುಎಸ್‌ಬಿಗೆ ಹೊಂದಿಸುವ ಬ್ರಿಜ್ ಚಿಪ್ ಕೇಸ್‌ನೊಳಗೆ ಇರುತ್ತದೆ, ಅದಕ್ಕೂ ತನ್ನದೇ ಟೈಮರ್ ಇರಬಹುದು. ಮೂರನೆಯದು ಆಪರೇಟಿಂಗ್ ಸಿಸ್ಟಂ. ಇವುಗಳ ಜೊತೆಗೆ ಯುಎಸ್‌ಬಿ ಪೋರ್ಟನ್ನೇ ನಿಲ್ಲಿಸುವ ಸೆಲೆಕ್ಟಿವ್ ಸಸ್ಪೆಂಡ್ ಎಂಬ ವ್ಯವಸ್ಥೆ. ಇಷ್ಟರಲ್ಲಿ ಯಾರ ಸಮಯ ಕಡಿಮೆಯೋ ಅವರ ಮಾತೇ ನಡೆಯುತ್ತದೆ. ನಿಮ್ಮ ಕೆಲಸ, ಒಬ್ಬರ ಕೈಗೆ ಅಧಿಕಾರ ಕೊಟ್ಟು ಉಳಿದವರನ್ನು ಸುಮ್ಮನಾಗಿಸುವುದು.

ಪತ್ತೆ ಮಾಡುವ ವಿಧಾನ ಹೀಗೆ. ವಿಂಡೋಸ್‌ನಲ್ಲಿ ನಿದ್ದೆಯನ್ನು ನೆವರ್‌ಗೆ ಇಡಿ (ಹೇಗೆಂದು ಕೆಳಗೆ ಇದೆ). ಆ ಡಿಸ್ಕ್‌ನ ಎಲ್ಲ ಫೋಲ್ಡರ್ ಮುಚ್ಚಿ. ಕಂಪ್ಯೂಟರ್ ತಾನೇ ಮಲಗದಂತೆ ನೋಡಿಕೊಂಡು ಗಡಿಯಾರ ನೋಡಿ. ಡಿಸ್ಕ್‌ನ ಕೇಸ್ ಮೇಲೆ ಬೆರಳಿಟ್ಟರೆ ಸಣ್ಣ ಕಂಪನ ತಿಳಿಯುತ್ತದೆ. ಅದು ಕ್ಷೀಣಿಸಿ, ಮೆಲ್ಲನೆ "ಟಿಕ್" ಎಂದು ನಿಂತರೆ ಮಲಗಿತು ಎಂದರ್ಥ. ಎಲ್‌ಇಡಿಯನ್ನು ನಂಬಬೇಡಿ, ಕೆಲವು ಕೇಸ್‌ಗಳಲ್ಲಿ ಮಲಗಿದ ಮೇಲೂ ಅದು ಉರಿಯುತ್ತದೆ. ಸರಿಯಾಗಿ 10, 15 ಅಥವಾ 30 ನಿಮಿಷಕ್ಕೆ ನಿಂತರೆ ಅದು ಕೇಸ್‌ನ ಅಥವಾ ಡಿಸ್ಕ್‌ನ ಟೈಮರ್, ವಿಂಡೋಸ್‌ನದಲ್ಲ. ಒಂದು ತಾಸಾದರೂ ನಿಲ್ಲದಿದ್ದರೆ ಎರಡು ಸಾಧ್ಯತೆ: ಟೈಮರೇ ಇಲ್ಲ, ಇಲ್ಲವೇ ಯಾವುದೋ ಪ್ರೋಗ್ರಾಂ ಹಿಂದಿನಿಂದ ಮುಟ್ಟುತ್ತಿದೆ.

ಆ ಪ್ರೋಗ್ರಾಂ ಯಾವುದು ಎಂದು ರಿಸೋರ್ಸ್ ಮಾನಿಟರ್ ಹೇಳುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹುಡುಕಿ ತೆರೆದು ಡಿಸ್ಕ್ ಟ್ಯಾಬ್‌ಗೆ ಹೋಗಿ. ಡಿಸ್ಕ್ ಆ್ಯಕ್ಟಿವಿಟಿ ಪಟ್ಟಿಯಲ್ಲಿ ನಿಮ್ಮ ಡ್ರೈವ್ ಅಕ್ಷರದಿಂದ ಆರಂಭವಾಗುವ ಸಾಲುಗಳನ್ನು ನೋಡಿ. ಸಿಗುವವರು ಸಾಮಾನ್ಯವಾಗಿ ವಿಂಡೋಸ್ ಸರ್ಚ್ ಇಂಡೆಕ್ಸರ್, ಆ್ಯಂಟಿವೈರಸ್, ಫೈಲ್ ಹಿಸ್ಟರಿ, ಫೋಟೋ ಕ್ಯಾಟಲಾಗ್ ಸಾಫ್ಟ್‌ವೇರ್. ಬ್ಯಾಕಪ್‌ಗಾಗಿಯೇ ಇಟ್ಟ ಡಿಸ್ಕ್ ಆದರೆ ಇಂಡೆಕ್ಸಿಂಗ್ ಆಪ್ಷನ್ಸ್‌ನಲ್ಲಿ ಆ ಡ್ರೈವ್‌ನ ಟಿಕ್ ತೆಗೆದುಬಿಡಿ, ಹೊರೆ ಬಹಳ ಇಳಿಯುತ್ತದೆ. ಡಿಸ್ಕ್‌ನ ಆರೋಗ್ಯ ತೋರಿಸುವ ಸಾಫ್ಟ್‌ವೇರ್ ಅನ್ನು ದಿನವಿಡೀ ತೆರೆದಿಟ್ಟರೆ ಅದೂ ಆಗಾಗ ಡಿಸ್ಕ್ ಅನ್ನು ವಿಚಾರಿಸುತ್ತಿರುತ್ತದೆ. ನೋಡಿ ಮುಚ್ಚಿ.

ವಿಂಡೋಸ್‌ನಲ್ಲಿ

ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಪವರ್‌ಸಿಎಫ್‌ಜಿ ಡಾಟ್ ಸಿಪಿಎಲ್ ಎಂದು ಕೊಟ್ಟರೆ ಪವರ್ ಆಪ್ಷನ್ಸ್ ತೆರೆಯುತ್ತದೆ. (ಇಲ್ಲಿ ಆದೇಶಗಳನ್ನು ಓದುವ ಹಾಗೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳನ್ನೇ ಬಳಸಿ.) ಟಿಕ್ ಇರುವ ಪ್ಲ್ಯಾನ್ ಪಕ್ಕದ ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್, ಅದರೊಳಗೆ ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್. ಹಾರ್ಡ್ ಡಿಸ್ಕ್ ಎಂಬುದನ್ನು ಬಿಡಿಸಿದರೆ ಟರ್ನ್ ಆಫ್ ಹಾರ್ಡ್ ಡಿಸ್ಕ್ ಆಫ್ಟರ್ ಸಿಗುತ್ತದೆ. ಬ್ಯಾಲೆನ್ಸ್ಡ್ ಪ್ಲ್ಯಾನ್‌ನಲ್ಲಿ ಸಾಮಾನ್ಯವಾಗಿ ಪ್ಲಗ್ ಹಾಕಿದ್ದಾಗ 20 ನಿಮಿಷ, ಬ್ಯಾಟರಿ ಮೇಲೆ 10 ನಿಮಿಷ ಇರುತ್ತದೆ. 0 ಎಂದು ಕೊಟ್ಟರೆ ಅದು ನೆವರ್ ಆಗುತ್ತದೆ. ಲ್ಯಾಪ್‌ಟಾಪ್ ಆದರೆ ಎರಡೂ ಸಾಲು ಬದಲಿಸಿ. ಒಂದನ್ನು ಮಾತ್ರ ಬದಲಿಸಿದರೆ ಕರೆಂಟ್ ಹೋದ ಕೂಡಲೇ ಹಳೆಯ ಸಮಯ ಜಾರಿಗೆ ಬರುತ್ತದೆ. ಆಮೇಲೆ "ಸೆಟ್ಟಿಂಗ್ ತಾನಾಗಿ ಬದಲಾಯಿತು" ಎನಿಸುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲೇ ಕಾಣದಿರಬಹುದು. ಆಗ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು, ಪವರ್‌ಸಿಎಫ್‌ಜಿ, ಖಾಲಿ ಜಾಗ, ಓರೆಗೆರೆ ಚೇಂಜ್, ಖಾಲಿ ಜಾಗ, ಡಿಸ್ಕ್ ಹೈಫನ್ ಟೈಮ್‌ಔಟ್ ಹೈಫನ್ ಎಸಿ, ಖಾಲಿ ಜಾಗ, ನಿಮಿಷದ ಸಂಖ್ಯೆ ಎಂದು ಕೊಡಿ. ಬ್ಯಾಟರಿಗೆ ಎಸಿ ಬದಲು ಡಿಸಿ. ಈ ಸಮಯ ಎಲ್ಲ ಡಿಸ್ಕ್‌ಗಳಿಗೂ ಒಂದೇ. ಒಂದು ಡಿಸ್ಕ್‌ಗೆ ಅರ್ಧ ತಾಸು, ಇನ್ನೊಂದಕ್ಕೆ ನೆವರ್ ಎಂದು ವಿಂಡೋಸ್‌ನ ಈ ಸೆಟ್ಟಿಂಗ್‌ನಲ್ಲಿ ಬೇರೆ ಬೇರೆ ಇಡಲು ಬರುವುದಿಲ್ಲ. ಕೆಲವು ಯುಎಸ್‌ಬಿ ಕೇಸ್‌ಗಳು ವಿಂಡೋಸ್ ಕೊಟ್ಟ ಅಪ್ಪಣೆಯನ್ನು ಡಿಸ್ಕ್‌ಗೆ ತಲುಪಿಸುವುದೇ ಇಲ್ಲ ಎಂಬುದೂ ನೆನಪಿರಲಿ.

ಅದೇ ಪಟ್ಟಿಯಲ್ಲಿ ಯುಎಸ್‌ಬಿ ಸೆಟ್ಟಿಂಗ್ಸ್ ಒಳಗೆ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಇದೆ. ಡ್ರೈವ್ ತಡವಾಗಿ ತೆರೆಯುವ ಬದಲು ಪೂರ್ತಿ ಮಾಯವಾಗಿ, "ಡಿಂಗ್‌ಡಾಂಗ್" ಸದ್ದಿನೊಂದಿಗೆ ಮರಳುತ್ತಿದ್ದರೆ ಇದನ್ನು ಡಿಸೇಬಲ್ ಮಾಡಿ. ಜೊತೆಗೆ ಡಿವೈಸ್ ಮ್ಯಾನೇಜರ್‌ನಲ್ಲಿ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಬಿಡಿಸಿ, ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರ್‌ಗೆ ಅನುಮತಿ ಕೊಡುವ ಟಿಕ್ ತೆಗೆಯಿರಿ.

ಕೇಸ್‌ನ ಟೈಮರ್ ಬದಲಿಸುವುದು

ವೆಸ್ಟರ್ನ್ ಡಿಜಿಟಲ್‌ನ ಹಲವು ಎಕ್ಸ್‌ಟರ್ನಲ್ ಮಾದರಿಗಳಿಗೆ ಆ ಕಂಪನಿಯ ಡ್ರೈವ್ ಯುಟಿಲಿಟೀಸ್ ಸಾಫ್ಟ್‌ವೇರ್‌ನಲ್ಲಿ ಸ್ಲೀಪ್ ಟೈಮರ್ ಎಂಬ ಭಾಗವಿದೆ. ಅಲ್ಲಿ ಸಮಯ ಆರಿಸಿದರೆ ಡಿಸ್ಕ್‌ನಲ್ಲೇ ಉಳಿಯುತ್ತದೆ, ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಅದೇ ನಡೆಯುತ್ತದೆ. ಎಲ್ಲ ಮಾದರಿಗೂ ಈ ಭಾಗ ಕಾಣುವುದಿಲ್ಲ. ಸೀಗೇಟ್‌ನವರು ಸೀಚೆಸ್ಟ್ ಎಂಬ ಉಚಿತ ಉಪಕರಣಗಳ ಗುಂಪನ್ನು ಕೊಡುತ್ತಾರೆ. ಅದರಲ್ಲಿ ಪವರ್ ಕಂಟ್ರೋಲ್ ಎಂಬುದು ಈ ಕೆಲಸಕ್ಕೆ. ಅದು ಆದೇಶ ಟೈಪಿಸಿ ನಡೆಸುವಂಥದ್ದು. ಅದೇ ಗುಂಪಿನಲ್ಲಿ ಡಿಸ್ಕ್ ಅಳಿಸುವ ಉಪಕರಣಗಳೂ ಇವೆ. ಡಿಸ್ಕ್‌ನ ಮಾದರಿ ಸಂಖ್ಯೆಯನ್ನು ಎರಡು ಸಲ ಹೋಲಿಸಿ ನೋಡದೆ ಎಂಟರ್ ಒತ್ತಬೇಡಿ.

ಬಿಡಿಯಾಗಿ ಕೊಂಡ ಕೇಸ್‌ಗೆ ಹಳೆಯ ಲ್ಯಾಪ್‌ಟಾಪ್ ಡಿಸ್ಕ್ ಹಾಕಿಕೊಂಡವರಿಗೆ ಇಂಥ ಸಾಫ್ಟ್‌ವೇರ್ ಸಿಗದು. ಟೈಮರ್ ಬದಲಿಸಲಾಗದಿದ್ದರೆ ಇರುವ ದಾರಿ ಡಿಸ್ಕ್ ಅನ್ನು ನಾವೇ ಎಚ್ಚರವಾಗಿ ಇಡುವುದು. ಹೇಳಿದ ಸಮಯಕ್ಕೆ ಪ್ರೋಗ್ರಾಂ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಸಣ್ಣ ಬ್ಯಾಚ್ ಫೈಲ್ (ಆದೇಶಗಳನ್ನು ಬರೆದಿಟ್ಟ ಫೈಲ್) ಅನ್ನು, ಟೈಮರ್‌ಗಿಂತ ಕಡಿಮೆ ಅಂತರಕ್ಕೆ, ಹತ್ತು ನಿಮಿಷದ ಟೈಮರ್ ಆದರೆ ಐದು ನಿಮಿಷಕ್ಕೊಮ್ಮೆ, ಓಡಿಸಿ. ಆ ಫೈಲ್ ಮಾಡಬೇಕಾದದ್ದು ಇಷ್ಟೇ: ಎಕೋ ಆದೇಶದಿಂದ ಈಗಿನ ಸಮಯವನ್ನು ಡಿಸ್ಕ್‌ನ ಒಂದು ಟೆಕ್ಸ್ಟ್ ಫೈಲ್‌ಗೆ ಬರೆಯುವುದು. ಬರೆಯಲೇಬೇಕು, ಓದಿದರೆ ಸಾಲದು. ಓದುವ ಫೈಲ್ ಮೆಮರಿಯಲ್ಲೇ ಉಳಿದಿರುವುದರಿಂದ ಎರಡನೇ ಸಲ ಕೇಳಿದಾಗ ವಿಂಡೋಸ್ ಡಿಸ್ಕ್ ಮುಟ್ಟದೆಯೇ ಉತ್ತರ ಕೊಡುತ್ತದೆ. ಟಾಸ್ಕ್ ಶೆಡ್ಯೂಲರ್‌ನ ಕಂಡಿಷನ್ಸ್ ಟ್ಯಾಬ್‌ನಲ್ಲಿ ಪ್ಲಗ್ ಇದ್ದಾಗ ಮಾತ್ರ ಓಡಿಸು ಎಂಬ ಟಿಕ್ ಮೊದಲೇ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆಗೆಯಿರಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಡಿಸ್ಕ್‌ಗೆ ಕೊನೆಯ ಕಡೆಯ ಅಕ್ಷರ, ಉದಾಹರಣೆಗೆ ಎಕ್ಸ್, ಕೊಟ್ಟುಬಿಟ್ಟರೆ ಪೆನ್‌ಡ್ರೈವ್ ಹಾಕಿದಾಗ ಅಕ್ಷರ ಅದಲುಬದಲಾಗದು. ಈ ಉಪಾಯ ಎಡಿಟಿಂಗ್ ನಡೆಯುವ ತಾಸುಗಳಿಗೆ ಮಾತ್ರ. ಕಪಾಟಿನ ಬ್ಯಾಕಪ್ ಡಿಸ್ಕ್‌ಗೆ ಇದನ್ನು ಹಾಕಬೇಡಿ.

ಮ್ಯಾಕ್, ಲಿನಕ್ಸ್

ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನೊಳಗೆ, ಡೆಸ್ಕ್‌ಟಾಪ್ ಆದರೆ ಎನರ್ಜಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಆಪ್ಷನ್ಸ್‌ನಲ್ಲಿ, ಸಾಧ್ಯವಾದಾಗ ಹಾರ್ಡ್ ಡಿಸ್ಕ್ ಮಲಗಿಸುವ ಸ್ವಿಚ್ ಇದೆ. ಅದು ಹೌದು-ಇಲ್ಲ ಅಷ್ಟೇ. ನಿಮಿಷ ಹೇಳಬೇಕೆಂದರೆ ಟರ್ಮಿನಲ್‌ನಲ್ಲಿ ಸುಡೊ ಪಿಎಂಸೆಟ್ ಆದೇಶಕ್ಕೆ ಹೈಫನ್ ಎ, ಡಿಸ್ಕ್‌ಸ್ಲೀಪ್, ನಿಮಿಷದ ಸಂಖ್ಯೆ ಕೊಡಿ. 0 ಎಂದರೆ ಮಲಗಿಸಬೇಡ. ಟೈಮ್ ಮಷೀನ್ ತಾಸಿಗೊಮ್ಮೆ ಬ್ಯಾಕಪ್ ಮಾಡುವಂತಿದ್ದರೆ ಆ ಡಿಸ್ಕ್ ತಾಸಿಗೊಮ್ಮೆ ಏಳುವುದು ಸಹಜ, ಅದು ದೋಷವಲ್ಲ.

ಲಿನಕ್ಸ್‌ನಲ್ಲಿ ಪ್ರತಿ ಡಿಸ್ಕ್‌ಗೂ ಬೇರೆ ಬೇರೆ ಸಮಯ ಇಡಬಹುದು. ಈ ವಿಷಯದಲ್ಲಿ ಅದೇ ಮೇಲು. ಎಚ್‌ಡಿಪಾರ್ಮ್ ಆದೇಶಕ್ಕೆ ದೊಡ್ಡ ಅಕ್ಷರದ ಎಸ್ ಆಯ್ಕೆ ಕೊಟ್ಟು ಸಂಖ್ಯೆ ಬರೆಯಿರಿ. ಆದರೆ ಆ ಸಂಖ್ಯೆ ನಿಮಿಷವಲ್ಲ. 1ರಿಂದ 240ರವರೆಗೆ ಒಂದೊಂದಕ್ಕೂ 5 ಸೆಕೆಂಡ್, ಅಂದರೆ 120 ಕೊಟ್ಟರೆ 10 ನಿಮಿಷ, 240 ಕೊಟ್ಟರೆ 20 ನಿಮಿಷ. 241ರಿಂದ ಲೆಕ್ಕ ಬದಲಾಗುತ್ತದೆ: 241 ಎಂದರೆ ಅರ್ಧ ತಾಸು, 242 ಎಂದರೆ ಒಂದು ತಾಸು. 30 ನಿಮಿಷ ಎಂದುಕೊಂಡು 30 ಎಂದು ಬರೆದರೆ ಎರಡೂವರೆ ನಿಮಿಷಕ್ಕೊಮ್ಮೆ ಡಿಸ್ಕ್ ಮಲಗಿ ಏಳುತ್ತದೆ, ಹುಷಾರು. ದೊಡ್ಡ ಬಿ ಆಯ್ಕೆ ಡಿಸ್ಕ್‌ನ ಸ್ವಂತ ವಿದ್ಯುತ್ ನಿರ್ವಹಣೆಯ ಮಟ್ಟ. 127ರವರೆಗಿನ ಮಟ್ಟಗಳಲ್ಲಿ ಮೋಟಾರ್ ನಿಲ್ಲಿಸಲು ಅನುಮತಿ ಇದೆ, 128ರಿಂದ 254ರವರೆಗೆ ಇಲ್ಲ, 255 ಆ ವ್ಯವಸ್ಥೆಯನ್ನೇ ಆರಿಸುತ್ತದೆ, ಡಿಸ್ಕ್ ಒಪ್ಪಿದರೆ. ಹೆಡ್ ಪಾರ್ಕ್ ವಿಪರೀತ ಇದ್ದರೆ 254 ಇಟ್ಟು ನೋಡಿ. ದೊಡ್ಡ ಸಿ ಆಯ್ಕೆ ಈಗ ಎಚ್ಚರವೋ ನಿದ್ದೆಯೋ ಎಂದು ಎಬ್ಬಿಸದೆ ಹೇಳುತ್ತದೆ. ಬ್ರಿಜ್ ಚಿಪ್ ಈ ಆದೇಶಗಳನ್ನು ದಾಟಿಸದಿದ್ದರೆ ಎಚ್‌ಡಿ-ಐಡಲ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಅದರಲ್ಲಿ ಸಮಯ ಸೆಕೆಂಡುಗಳಲ್ಲಿ.

ಏಳುವಾಗ ಬೀಳುವ ಡಿಸ್ಕ್

ತಿರುಗುತ್ತಿರುವಾಗ ಸರಿ ಇರುತ್ತದೆ, ಮಲಗಿ ಏಳುವಾಗ ಮಾತ್ರ "ಟಕ್ ಟಕ್" ಎಂದು ಮಾಯವಾಗುತ್ತದೆ. ಹೀಗಾದರೆ ಸೆಟ್ಟಿಂಗ್ ಹುಡುಕುತ್ತ ಹೊತ್ತು ಕಳೆಯಬೇಡಿ, ಮೊದಲು ಕರೆಂಟ್ ನೋಡಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. 2.5 ಇಂಚಿನ ಡಿಸ್ಕ್ ಏಳುವ ಕ್ಷಣಕ್ಕೆ ಒಂದು ಆಂಪಿಯರ್ ಹತ್ತಿರ ಎಳೆಯಬಲ್ಲದು. ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಮೌಸ್, ಪ್ರಿಂಟರ್ ಜೊತೆ ಇದನ್ನೂ ಸಿಕ್ಕಿಸಿದರೆ ವೋಲ್ಟೇಜ್ ಕುಸಿದು ಮೋಟಾರ್ ಅರ್ಧಕ್ಕೆ ನಿಲ್ಲುತ್ತದೆ. ಡೆಸ್ಕ್‌ಟಾಪ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡ್‌ಗೆ ನೇರ ಇರುವ ಪೋರ್ಟ್‌ಗೆ, ಜೊತೆಗೆ ಬಂದ ಗಿಡ್ಡ ಕೇಬಲ್‌ನಿಂದಲೇ ಹಾಕಿ. ಹಬ್ ಬೇಕೇ ಬೇಕೆಂದರೆ ಸ್ವಂತ ಅಡಾಪ್ಟರ್ ಇರುವುದನ್ನು ಕೊಳ್ಳಿ. ಡಿಸ್ಕ್ ಕಡೆಯ ಅಗಲ, ಚಪ್ಪಟೆ ಮೈಕ್ರೋ-ಬಿ ಪಿನ್ ಸಡಿಲಾಗುವುದು ತೀರ ಸಾಮಾನ್ಯ. ಮೆಲ್ಲಗೆ ಅಲ್ಲಾಡಿಸಿದರೆ ಸಂಪರ್ಕ ತಪ್ಪುವಂತಿದ್ದರೆ ಕೇಬಲ್ ಬದಲಿಸಿ.

ಖಚಿತ ಮಾಡಿಕೊಳ್ಳಲು ಈವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಸಿಸ್ಟಂ ತೆರೆಯಿರಿ. ಡಿಸ್ಕ್ ಹೆಸರಿನಲ್ಲಿ 157 ಎಂಬ ಸಂಖ್ಯೆ ಇದ್ದರೆ ಡಿಸ್ಕ್ ಹೇಳದೆ ಕೇಳದೆ ಕಳಚಿಕೊಂಡಿದೆ. 153 ಇದ್ದರೆ ಓದು-ಬರಹ ಮೊದಲ ಸಲಕ್ಕೆ ಆಗದೆ ಮತ್ತೆ ಪ್ರಯತ್ನಿಸಿದೆ. ಬರೀ ನಿದ್ದೆಯಾದರೆ 157 ಬರುವುದಿಲ್ಲ.

ದೊಡ್ಡ ಡಿಸ್ಕ್ ಇಟ್ಟವರಿಗೆ ಇನ್ನೊಂದು ಎಚ್ಚರಿಕೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ಆದರೆ 12 ವೋಲ್ಟ್ ಅಡಾಪ್ಟರ್‌ನ ಡಿಸ್ಕ್ ಅಲ್ಲೇ ನಿಂತುಹೋಗುತ್ತದೆ. ಪರದೆ ಉರಿಯುತ್ತಿರುವುದರಿಂದ ಎಷ್ಟೋ ಮಂದಿಗೆ ಇದು ಗೊತ್ತೇ ಆಗುವುದಿಲ್ಲ. ಆ ಹೊತ್ತಿಗೆ ಡಿಸ್ಕ್ ಮಲಗಿದ್ದರೆ ಹೆಡ್ ಪಾರ್ಕ್ ಆಗಿರುತ್ತದೆ, ಅಪಾಯ ಕಡಿಮೆ. ಬರೆಯುತ್ತಿದ್ದರೆ ಫೈಲ್ ಹಾಳಾಗಬಹುದು. ಮ್ಯಾಕ್ ಮತ್ತು ವಿಂಡೋಸ್ ಎರಡಕ್ಕೂ ಬೇಕೆಂದು ಡಿಸ್ಕ್ ಅನ್ನು ಎಕ್ಸ್‌ಫ್ಯಾಟ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಕೊಂಡಿದ್ದರೆ ಇನ್ನೂ ಸುಲಭವಾಗಿ ಹಾಳಾಗುತ್ತದೆ, ವಿಂಡೋಸ್‌ನ ಸಾಮಾನ್ಯ ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್‌ಗೆ ಇರುವ ಜರ್ನಲ್ (ಬದಲಾವಣೆಗಳನ್ನು ಮೊದಲೇ ದಾಖಲಿಸುವ ವ್ಯವಸ್ಥೆ) ಅದರಲ್ಲಿ ಇಲ್ಲ. ಆ ಅಡಾಪ್ಟರ್ 12 ವೋಲ್ಟ್, 1.5 ಅಥವಾ 2 ಆಂಪಿಯರ್‌ನದು, ಅಂದರೆ 18ರಿಂದ 24 ವ್ಯಾಟ್. ಸಾಮಾನ್ಯ 600 ವಿಎ ಯುಪಿಎಸ್‌ಗೆ ಇದೇನೂ ಭಾರವಲ್ಲ. ಮನೆಯ ಇನ್ವರ್ಟರ್ ಮೇಲೆ ನಡೆಸುವುದಾದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಇಡಿ, ಇನ್ನೊಂದು ಮೋಡ್‌ನಲ್ಲಿ ಬದಲಾವಣೆ ನಿಧಾನವಾಗಿ ಡಿಸ್ಕ್ ಆರಿ ಹತ್ತುತ್ತದೆ.

ಯಾವ ಕೆಲಸಕ್ಕೆ ಎಷ್ಟು ಹೊತ್ತು

ಮದುವೆ ವಿಡಿಯೋ ನೇರವಾಗಿ ಎಕ್ಸ್‌ಟರ್ನಲ್ ಡಿಸ್ಕ್ ಮೇಲೆ ಎಡಿಟ್ ಮಾಡುವವರು ಕೆಲಸದ ಹೊತ್ತಿನಲ್ಲಿ ನೆವರ್ ಇಡಿ. ಟೈಮ್‌ಲೈನ್ ಮೇಲೆ ಯೋಚಿಸುತ್ತ ಕೂತಾಗ ಡಿಸ್ಕ್ ಮಲಗಿ, ಪ್ಲೇ ಒತ್ತಿದ ಕೂಡಲೇ ಸಾಫ್ಟ್‌ವೇರ್ ಸಿಕ್ಕಿಕೊಳ್ಳುತ್ತದೆ. ಸಾಧ್ಯವಿದ್ದರೆ ನಡೆಯುತ್ತಿರುವ ಪ್ರಾಜೆಕ್ಟ್ ಎಸ್‌ಎಸ್‌ಡಿಯಲ್ಲಿ ಇರಲಿ, ಮುಗಿದದ್ದು ಹಾರ್ಡ್ ಡಿಸ್ಕ್‌ಗೆ ಹೋಗಲಿ. ಸಂಗೀತ ಕಛೇರಿ ಧ್ವನಿಮುದ್ರಿಸುವವರಿಗೂ ಇದೇ ಮಾತು. ಧಾರವಾಡದಂಥ ಊರಿನಲ್ಲಿ ಒಂದು ಬೈಠಕ್ ಮೂರು ತಾಸು ನಡೆದರೂ ಆಶ್ಚರ್ಯವಿಲ್ಲ, ಮಧ್ಯಂತರದಲ್ಲಿ ಮಲಗಿದ ಡಿಸ್ಕ್ ಏಳುವಷ್ಟರಲ್ಲಿ ಆಲಾಪದ ಆರಂಭ ತಪ್ಪಿದರೆ ಅದು ಮತ್ತೆ ಸಿಗುವುದಿಲ್ಲ. ಹಳೆಯ ಫೋಟೋ, ಸ್ಕ್ಯಾನ್ ಮಾಡಿದ ಪುಟ, ಪಿಡಿಎಫ್ ಇರುವ, ಹಗಲಿಗೆ ನಾಲ್ಕೈದು ಸಲ ತೆರೆಯುವ ಡಿಸ್ಕ್‌ಗೆ 30ರಿಂದ 60 ನಿಮಿಷ ಹದವಾದ ಸಮಯ. ಕಾಲು ತಾಸಿಗೊಮ್ಮೆ ತೆರೆಯುವ ಡಿಸ್ಕ್‌ಗೆ 10 ನಿಮಿಷ ಇಟ್ಟರೆ ಗಂಟೆಗೆ ನಾಲ್ಕು ಸಲ, ದಿನಕ್ಕೆ ನಲವತ್ತು, ವರ್ಷಕ್ಕೆ 300 ದಿನ ಅಂಗಡಿ ಎಂದರೆ 12,000 ಸಲ ಎದ್ದು ಮಲಗುತ್ತದೆ. ನಾಲ್ಕು ವರ್ಷ ದಾಟುವಷ್ಟರಲ್ಲಿ 50,000ದ ಮಿತಿ.

ಟ್ಯಾಲಿಯ ದಿನನಿತ್ಯದ ಡೇಟಾವನ್ನು ಎಕ್ಸ್‌ಟರ್ನಲ್ ಡಿಸ್ಕ್ ಮೇಲೆ ನಡೆಸಲೇಬೇಡಿ. ಕಂಪ್ಯೂಟರ್‌ನೊಳಗೆ ಇಟ್ಟು, ಸಂಜೆ ಬ್ಯಾಕಪ್ ತೆಗೆದು, ಡಿಸ್ಕ್ ಅನ್ನು ಸೇಫ್ಲಿ ರಿಮೂವ್ ಮಾಡಿ ಕಪಾಟಿನಲ್ಲಿಡಿ. ಆ ಡಿಸ್ಕ್‌ಗೆ ನಿದ್ದೆಯ ಸೆಟ್ಟಿಂಗೇ ಬೇಕಿಲ್ಲ. ಡಿಸ್ಕ್ ಮಲಗಿದೆ ಎಂದ ಮಾತ್ರಕ್ಕೆ ಹಾಗೇ ಕಿತ್ತುಕೊಳ್ಳಬೇಡಿ, ನಿದ್ದೆಯೂ ಸುರಕ್ಷಿತ ತೆಗೆಯುವಿಕೆಯೂ ಒಂದೇ ಅಲ್ಲ: ನೀವು ಎಳೆಯುವ ಕ್ಷಣದಲ್ಲೇ ಯಾವುದೋ ಪ್ರೋಗ್ರಾಂ ಅದನ್ನು ಎಬ್ಬಿಸಿ ಬರೆಯುತ್ತಿರಬಹುದು. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚುವ ಮೊದಲೂ ತೆಗೆದೇ ಮುಚ್ಚಿ.

ಸೆಟ್ಟಿಂಗ್ ಸರಿಯಾಯಿತೇ ಎಂದು ಅಳೆಯಲು ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಸಾಕು. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಅನ್ನು ದಶಮಾಂಶಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಅಂಕಿ ಓದಲು ಬರುವುದಿಲ್ಲ. 04 ಎಂಬ ಸಾಲು ಮೋಟಾರ್ ನಿಂತು ಎದ್ದ ಲೆಕ್ಕ, ಸಿ1 ಹೆಡ್ ಪಾರ್ಕ್ ಲೆಕ್ಕ. ಇಂದಿನ ಎರಡೂ ಅಂಕಿ ಚೀಟಿಯಲ್ಲಿ ಬರೆದು ಡಿಸ್ಕ್‌ಗೆ ಅಂಟಿಸಿ, ವಾರದ ನಂತರ ನೋಡಿ. 04 ದಿನಕ್ಕೆ ಹತ್ತರೊಳಗೆ ಏರಿದ್ದರೆ ಚಿಂತೆಯಿಲ್ಲ. ಸಿ1 ದಿನಕ್ಕೆ ನೂರಾರು ಏರುತ್ತಿದ್ದರೆ ಯಾರೋ ಇನ್ನೂ ಮುಟ್ಟುತ್ತಿದ್ದಾರೆ, ರಿಸೋರ್ಸ್ ಮಾನಿಟರ್‌ಗೆ ಮರಳಿ. ಅಲ್ಲೇ ಉಷ್ಣತೆಯೂ ಕಾಣುತ್ತದೆ. 50 ಡಿಗ್ರಿ ದಾಟಿದರೆ ಬಟ್ಟೆಯ ಮೇಲಿಂದ, ಇನ್ನೊಂದು ಡಿಸ್ಕ್‌ನ ಮೇಲಿಂದ ತೆಗೆದು ಗಾಳಿ ಆಡುವ ಕಡೆ ಇಡಿ. 05 ಅಥವಾ ಸಿ5 ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದು, ಅದು ಏರುತ್ತಲೂ ಇದ್ದರೆ ತಟ್ಟೆಯೇ ಕೆಡುತ್ತಿದೆ. ಆಗ ಯಾವ ಸೆಟ್ಟಿಂಗೂ ಮುಟ್ಟಬೇಡಿ, ಎಬ್ಬಿಸಿ ಮಲಗಿಸಬೇಡಿ. ಡಿಸ್ಕ್ ಓಡುತ್ತಿರುವಾಗಲೇ, ಬೇರೆಲ್ಲೂ ಪ್ರತಿ ಇಲ್ಲದ ಫೈಲ್‌ಗಳಿಂದ ಆರಂಭಿಸಿ, ಇನ್ನೊಂದು ಡಿಸ್ಕ್‌ಗೆ ಪ್ರತಿ ಮಾಡಿಕೊಳ್ಳಿ.